ಮಹಾದೇವಿಯಕ್ಕನವರು ಮತ್ತು ಅವರನ್ನು ಬರಮಾಡಿಕೊಂಡ ಕಲ್ಯಾಣ

ಶರಣರ ಸಂಪ್ರದಾಯದಲ್ಲಿ ಬೆಳೆದ ಮನೆಗಳಲ್ಲಿ ಮಹಾದೇವಿಯಕ್ಕನವರ ಹೆಸರನ್ನು ಕೇಳದ ಮಗುವಿಲ್ಲ. ಕರತಲದಲ್ಲಿ ಇಷ್ಟಲಿಂಗ, ಹಣೆಯ ಮೇಲೆ ವಿಭೂತಿ, ಮೈಯನ್ನೆಲ್ಲ ಆವರಿಸಿದ ಕೇಶರಾಶಿ, ಅರಮುಚ್ಚಿದ ಕಣ್ಣು: ಈ ಚಿತ್ರಪಟವು ಎಷ್ಟೋ ಪೂಜಾಗೃಹಗಳ ಗೋಡೆಯ ಮೇಲಿದೆ. ಪಟವನ್ನು ತೋರಿಸಿ ಹಿರಿಯರು ಮಕ್ಕಳಿಗೆ ಅಕ್ಕನವರ ವೈರಾಗ್ಯವನ್ನು ಬಣ್ಣಿಸುವರು. ಚೆನ್ನಮಲ್ಲಿಕಾರ್ಜುನನಲ್ಲಿ ಅವರು ಇಟ್ಟ ಅನನ್ಯವಾದ ಒಲವನ್ನು ಕೊಂಡಾಡುವರು. ಆದರೆ ಆ ವೈರಾಗ್ಯಕ್ಕೆ ಮುನ್ನ ಒಂದು ಮನೆಯಿತ್ತು. ಆ ಮನೆಯೊಳಗೆ ಒಂದು ಬಾಳು ನಡೆದಿತ್ತು. ಆ ಬಾಳಿನಲ್ಲಿ ಒಬ್ಬ ಹೆಣ್ಣುಮಗಳು ಸಹಿಸಬಾರದ್ದನ್ನು ಸಹಿಸಿ, ಕೊನೆಗೆ ಹೊಸಿಲು ದಾಟಿ ಹೊರಬಿದ್ದಳು ಎಂಬ ಸಂಗತಿಯನ್ನು ಬಹುಮಟ್ಟಿಗೆ ಎರಡು ಮಾತುಗಳಲ್ಲಿ ಹೇಳಿ ಮುಗಿಸುವ ರೂಢಿಯಾಗಿದೆ. ಅಕ್ಕನವರ ಚರಿತ್ರೆಯ ಈ ಭಾಗವನ್ನು ಸಾವಧಾನದಿಂದ ಓದಿದವರಿಗೆ, ಅದು ಇಂದಿನ ಸದ್ಗೃಹಸ್ಥರ ಮನೆಗಳಿಗೂ ಹೇಳಿದ ಪಾಠವೆಂಬುದು ಮನದಟ್ಟಾಗದಿರದು.

ಅಕ್ಕನವರ ಚರಿತ್ರೆಯನ್ನು ತಿಳಿಯಲು ಅವರ ವಚನಗಳೊಂದಿಗೆ ಮುಖ್ಯವಾಗಿ ಮೂರು ಆಕರಗಳುಂಟು. ಅವುಗಳಲ್ಲಿ ಹಳೆಯದು, ಸುಮಾರು ಕ್ರಿ. ಶ. 1200ರ ಹೊತ್ತಿನಲ್ಲಿದ್ದ ಹರಿಹರ ಮಹಾಕವಿಯು ರಚಿಸಿದ ಮಹಾದೇವಿಯಕ್ಕನ ರಗಳೆ. ಎರಡನೆಯದು, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 15ನೆಯ ಶತಮಾನದ ಮೊದಲರ್ಧದಲ್ಲಿ, ಚಾಮರಸನು ಬರೆದ ಪ್ರಭುಲಿಂಗಲೀಲೆ. ಮೂರನೆಯದು, ಅದೇ ಶತಮಾನದಲ್ಲಿ ಮೊದಲು ಸಂಕಲಿತವಾಗಿ, ಮುಂದೆ ಬೇರೆ ಬೇರೆ ಶರಣರ ಕೈಯಲ್ಲಿ ಪರಿಷ್ಕಾರ ಹೊಂದಿದ ಶೂನ್ಯಸಂಪಾದನೆ. ಈ ಮೂರೂ ಎಲ್ಲ ವಿವರಗಳಲ್ಲಿ ಒಂದಾಗಿಲ್ಲ. ಹರಿಹರನು ಅಕ್ಕನವರ ಕಾಲಕ್ಕೆ ಅತ್ಯಂತ ಸಮೀಪದವನಾದುದರಿಂದ ಅವನ ಕಥನಕ್ಕೆ ವಿಶೇಷವಾದ ಬೆಲೆಯುಂಟು. ಎಲ್ಲಿ ಯಾರ ಮಾತು ಯಾವುದೆಂಬುದನ್ನು ಬೇರ್ಪಡಿಸಿ ನೋಡಿದಲ್ಲಿ ಚರಿತ್ರೆಯ ತಿರುಳು ಸ್ಪಷ್ಟವಾಗುತ್ತದೆ.

ಅಕ್ಕನವರು ಹುಟ್ಟಿದ್ದು 12ನೆಯ ಶತಮಾನದಲ್ಲಿ, ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಉಡುತಡಿಯಲ್ಲಿ. ತಂದೆತಾಯಿಗಳನ್ನು ಹರಿಹರನು ಶಿವಭಕ್ತ, ಶಿವಭಕ್ತೆ ಎಂದಷ್ಟೇ ಕರೆದಿದ್ದಾನೆ. ಚಾಮರಸನು ತಂದೆಗೆ ನಿರ್ಮಲನೆಂದೂ ತಾಯಿಗೆ ಸುಮತಿಯೆಂದೂ ಹೆಸರು ಕೊಟ್ಟಿದ್ದಾನೆ. ಹೆಸರು ಯಾವುದೇ ಇರಲಿ, ಅದು ಸದಾಚಾರದ ಮನೆ. ಲಿಂಗಪೂಜೆ, ಜಂಗಮಸೇವೆ, ದಾಸೋಹಗಳು ನಿತ್ಯವೂ ನಡೆಯುತ್ತಿದ್ದ ಮನೆ. ಎಳವೆಯಲ್ಲಿಯೇ ಗುರುವಿನಿಂದ ಲಿಂಗದೀಕ್ಷೆಯನ್ನು ಪಡೆದ ಮಗಳು, ಆಟಪಾಟಗಳಿಗಿಂತ ಪೂಜೆಯಲ್ಲಿಯೇ ಹೆಚ್ಚಾದ ಆಸಕ್ತಿಯನ್ನು ತಳೆದಳು. ಶ್ರೀಶೈಲದ ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ಮನಸ್ಸಿನಲ್ಲಿ ವರಿಸಿದಳು. ಮನೆಯವರು ಈ ಒಲವಿಗೆ ಅಡ್ಡಿಯಾಗಲಿಲ್ಲ. ತಾನು ಏನನ್ನು ಬಯಸುವೆನೋ ಅದನ್ನು ಬಾಯ್ದೆರೆದು ಹೇಳಬಲ್ಲ ಧೈರ್ಯವು ಆ ಬಾಲೆಗೆ ತವರಿನಿಂದಲೇ ಬಂದುದೆಂದು ಊಹಿಸಿದರೆ ತಪ್ಪಾಗಲಾರದು.

ಆ ನಾಡಿನ ಅರಸು ಕೌಶಿಕನು. ಊರಿನಲ್ಲಿ ಸಾಗುತ್ತಿದ್ದ ಮೆರವಣಿಗೆಯ ಸಮಯದಲ್ಲಿ ಅವನ ದೃಷ್ಟಿಯು ಮಹಾದೇವಿಯವರ ಮೇಲೆ ಬಿದ್ದಿತು. ಅವರ ರೂಪಕ್ಕೆ ಮರುಳಾದ ಅರಸನು ಮಂತ್ರಿಗಳನ್ನು ಮನೆಗೆ ಕಳುಹಿಸಿ ಹೆಣ್ಣು ಕೇಳಿಸಿದನು. ಅವನು ಲಿಂಗಧಾರಣೆಯಿಲ್ಲದ ಭವಿ, ಮಗಳೋ ಲಿಂಗನಿಷ್ಠೆ. ತಂದೆತಾಯಿಗಳು ಒಪ್ಪಲಿಲ್ಲ. ಬಂದವರ ಮಾತಿನ ಧಾಟಿಯು ಆಗ ಬದಲಾಯಿತು. ಮೊದಲು ಐಶ್ವರ್ಯದ ಆಸೆ, ಬಳಿಕ ರಾಜದಂಡದ ಭಯ. ಮಗಳನ್ನು ಕೊಡದಿದ್ದಲ್ಲಿ ಹಿರಿಯರ ಪ್ರಾಣಕ್ಕೇ ಕೇಡು ಬರುವುದೆಂಬ ಬೆದರಿಕೆಯು ಹೊಸಿಲಿಗೆ ಬಂದು ನಿಂತಿತು. ಅಂಜಿದ ತಂದೆತಾಯಿಗಳು ಮಗಳ ಮುಂದೆಯೇ ಕಣ್ಣೀರಿಟ್ಟು ಒಪ್ಪಿಕೊಳ್ಳುವಂತೆ ಬೇಡಿದರು. ಅವರು ಕೆಟ್ಟವರಲ್ಲ, ಮಗಳನ್ನು ಪ್ರೀತಿಸದವರೂ ಅಲ್ಲ. ಆದರೂ ಹೊರಗಿನಿಂದ ಬಂದ ಭಯದ ಭಾರವೆಲ್ಲವೂ ಆ ಕ್ಷಣದಲ್ಲಿ ಮನೆಯ ಕಿರಿಯಳಾದ ಹೆಣ್ಣುಮಗಳ ಹೆಗಲ ಮೇಲೆಯೇ ಬಿದ್ದಿತು. ಮನೆತನವನ್ನು ಉಳಿಸುವ ಹೊಣೆಯನ್ನು ಮಗಳ ಸಮ್ಮತಿಯೊಂದರ ಮೇಲೆ ಹೊರಿಸುವುದು ಎಂತಹ ನಿಷ್ಠುರವಾದ ಕಾರ್ಯವೆಂಬುದನ್ನು ಹೆಣ್ಣುಮಕ್ಕಳನ್ನು ಹೆತ್ತವರು ತಾವೇ ಆಲೋಚಿಸಿ ನೋಡಬೇಕು.

ಮಹಾದೇವಿಯವರು ಒಪ್ಪಿದರು. ಆದರೆ ಅದು ಬರಿಗೈಯ ಒಪ್ಪಿಗೆಯಲ್ಲ. ಹರಿಹರನು ಹೇಳುವಂತೆ ಅವರು ನಿಬಂಧನೆಗಳನ್ನು ಮುಂದಿಟ್ಟರು. ತಮ್ಮ ಇಚ್ಛೆ ಬಂದಂತೆ ಶಿವಪೂಜೆಯಲ್ಲಿರುವುದು. ತಮ್ಮ ಇಚ್ಛೆ ಬಂದಂತೆ ಮಾಹೇಶ್ವರರ ಗೋಷ್ಠಿಯಲ್ಲಿರುವುದು. ತಮ್ಮ ಇಚ್ಛೆ ಬಂದಂತೆ ಗುರುಸೇವೆಯಲ್ಲಿರುವುದು. ಉಳಿದ ವೇಳೆಯಲ್ಲಿ ಮಾತ್ರ ಅರಸನೊಡನೆ ಇರುವುದು. ಇದಕ್ಕೆ ಅವನು ತಪ್ಪಿ ನಡೆದಲ್ಲಿ ಮೂರು ತಪ್ಪುಗಳವರೆಗೆ ಸೈರಿಸುವುದು, ಅದರಾಚೆಗೆ ಅವನ ಮನೆಯಲ್ಲಿ ನಿಲ್ಲದಿರುವುದು. ಮೋಹದಿಂದ ಕುರುಡನಾಗಿದ್ದ ಅರಸನು ಎಲ್ಲಕ್ಕೂ ತಲೆಯಾಡಿಸಿ ಬರೆದುಕೊಟ್ಟಂತೆ ಒಪ್ಪಿದನು. 12ನೆಯ ಶತಮಾನದಲ್ಲಿ ಒಬ್ಬ ಕನ್ಯೆಯು ನಾಡಿನ ದೊರೆಯೊಡನೆ ಮಾಡಿಕೊಂಡ ಈ ಕರಾರು ಸಾಮಾನ್ಯವಾದುದಲ್ಲ. ಮದುವೆಯಾದ ಮಾತ್ರಕ್ಕೆ ಹೆಣ್ಣಿನ ಮನಸ್ಸು, ನಂಬಿಕೆ, ಆಪ್ತರ ಒಡನಾಟಗಳು ಗಂಡನ ಸ್ವತ್ತಾಗುವುದಿಲ್ಲವೆಂಬ ನಿಲುವು ಅದರಲ್ಲಿ ಅಡಗಿದೆ. ಸೈರಣೆಗೂ ಒಂದು ಎಲ್ಲೆಯುಂಟೆಂಬುದನ್ನು ಅವರು ಮೊದಲೇ ಗೆರೆ ಎಳೆದು ತೋರಿಸಿದ್ದರು.

ಮದುವೆಯು ವೈಭವದಿಂದ ನಡೆಯಿತು. ಅರಮನೆಯ ಬಾಳು ಮೊದಲಾಯಿತು. ಹಗಲೆಲ್ಲ ಲಿಂಗಪೂಜೆ, ಶರಣರ ಸತ್ಕಾರ, ಶಿವಗೋಷ್ಠಿ. ಇರುಳಾದರೆ ಮನಸ್ಸಿಲ್ಲದ ಸಂಸಾರ. ಹೊರಗಿನವರ ಕಣ್ಣಿಗೆ ಅದು ಪಟ್ಟದರಾಣಿಯ ಭಾಗ್ಯ. ಹೊನ್ನು, ಪಟ್ಟೆಪೀತಾಂಬರ, ದಾಸಿಯರು, ಯಾವುದಕ್ಕೂ ಕೊರತೆಯಿಲ್ಲ. ಉಡುತಡಿಯ ಬೀದಿಯಲ್ಲಿ ನಿಂತು ನೋಡಿದವರು, ಈ ಮಗಳ ಪುಣ್ಯವೇ ಪುಣ್ಯವೆಂದು ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ. ಮನೆಯೊಳಗಿನ ನೋವು ಅಂಗಳಕ್ಕೆ ಕಾಣಿಸುವುದು ಅಪರೂಪ. ದೊಡ್ಡ ಮನೆಯಾದಷ್ಟೂ ಗೋಡೆಯೂ ದಪ್ಪ.

ಕೌಶಿಕನು ಕೊಟ್ಟ ಮಾತಿಗೆ ನಿಲ್ಲಲಿಲ್ಲ. ಹರಿಹರನ ಕಥನದಲ್ಲಿ ಅವನ ತಪ್ಪುಗಳು ಒಂದೊಂದಾಗಿ ಎಣಿಕೆಯಾಗುತ್ತವೆ. ಅಕ್ಕನವರು ಪೂಜೆಯಲ್ಲಿ ತಲ್ಲೀನರಾಗಿದ್ದಾಗ ಅರಸನು ಮನಸ್ಸನ್ನು ತಡೆಯಲಾರದೆ ಅವರ ಮೇಲೆ ಕೈಮಾಡಿದುದು ಒಂದು. ದೂರದಿಂದ ಬಂದ ಶರಣರ ಸತ್ಕಾರಕ್ಕೆ ಅಡ್ಡಿಪಡಿಸಿದುದು ಮತ್ತೊಂದು. ಇನ್ನೊಂದು ಎಲ್ಲಕ್ಕಿಂತ ಘೋರವಾದುದು. ಗುರುಗಳು ಮನೆಗೆ ಬಂದರೆಂಬ ಸುದ್ದಿಯನ್ನು ಕೇಳಿ ಅವರನ್ನು ಇದಿರುಗೊಳ್ಳಲು ಅವಸರದಿಂದ ಎದ್ದ ಅಕ್ಕನವರ ಉಡುಗೆಯನ್ನು ಅರಸನು ಹಿಡಿದು ಸೆಳೆದನು. ಭಕ್ತೆಯಾದವಳಿಗೆ ಬಟ್ಟೆಯಾದರೂ ಏತಕ್ಕೆಂದು ಹಂಗಿಸಿದನು. ಅಂದಿಗೆ ಎಣಿಕೆ ಮುಗಿಯಿತು.

ಈ ಮೂರು ತಪ್ಪುಗಳನ್ನು ಕಥೆಯ ಅಲಂಕಾರವೆಂದು ಬಗೆದು ಮುಂದೆ ಸಾಗುವುದು ಸರಿಯಲ್ಲ. ಹಿಂಸೆಯೆಂದರೆ ಕೋಲಿನ ಏಟು ಮಾತ್ರವೆಂದು ತಿಳಿದವರು ಇಲ್ಲಿ ತಡೆದು ನಿಲ್ಲಬೇಕು. ಅರಸನು ಅಕ್ಕನವರನ್ನು ಕೋಲಿನಿಂದ ಹೊಡೆದನೆಂದು ಹರಿಹರನು ಎಲ್ಲಿಯೂ ಹೇಳುವುದಿಲ್ಲ. ಆದರೆ ಆಕೆಯ ಪೂಜೆಯನ್ನು ಕೆಡಿಸಿದನು, ಎಂದರೆ ಆಕೆಯ ಏಕಾಂತವನ್ನು ಕಿತ್ತುಕೊಂಡನು. ಆಕೆಯನ್ನು ಅರಸಿ ಬಂದವರನ್ನು ತಡೆದನು, ಎಂದರೆ ಆಕೆಯನ್ನು ಆಪ್ತರಿಂದ ಬೇರ್ಪಡಿಸಿದನು. ಉಟ್ಟ ಬಟ್ಟೆಗೆ ಕೈಹಾಕಿದನು, ಎಂದರೆ ಆಕೆಯ ಮಾನವನ್ನೇ ಆಯುಧವಾಗಿ ಮಾಡಿಕೊಂಡನು. ಹಂಗಿಸುವ ಮಾತು, ಮನಸ್ಸಿಲ್ಲದ ಸಂಗಕ್ಕೆ ಬಲವಂತ, ತವರಿನವರ ಮತ್ತು ಬಂಧುಗಳ ಬರವಿಗೆ ತಡೆ: ಮನೆಯೊಳಗಿನ ಹಿಂಸೆಯು ಇಂದಿಗೂ ಇದೇ ದಾರಿಗಳಲ್ಲಿ ನಡೆಯುತ್ತದೆ. ಗಾಯದ ಗುರುತಿಲ್ಲವೆಂಬ ಕಾರಣಕ್ಕೆ ನೋವು ಸುಳ್ಳಾಗುವುದಿಲ್ಲ. ಎಂಟು ನೂರು ವರ್ಷಗಳ ಹಿಂದೆಯೇ ಒಬ್ಬ ಕವಿಯು ಇವುಗಳನ್ನು ತಪ್ಪುಗಳೆಂದು ಹೆಸರಿಟ್ಟು ಎಣಿಸಿದನೆಂಬುದು ಗಮನಿಸತಕ್ಕ ವಿಷಯ.

ಅರಸನು ಸೆಳೆದ ಬಟ್ಟೆಯನ್ನು ಅಕ್ಕನವರು ಮರಳಿ ಬೇಡಲಿಲ್ಲ. ಒಡವೆಗಳನ್ನು ಅಲ್ಲಿಯೇ ಬಿಟ್ಟರು. ಕೇಶವನ್ನೇ ಉಡುಗೆಯಾಗಿಸಿಕೊಂಡು, ಇಷ್ಟಲಿಂಗವನ್ನು ಕರತಲದಲ್ಲಿ ಹಿಡಿದು, ಅರಮನೆಯ ಬಾಗಿಲನ್ನು ದಾಟಿದರು. ಲೋಕವು ಅದನ್ನು ವೈರಾಗ್ಯವೆಂದು ಕರೆಯಿತು. ಅದು ವೈರಾಗ್ಯವೂ ಹೌದು. ಅದರೊಡನೆ ಅದು, ಮಾನವನ್ನು ಕಳೆಯಲು ಬಂದವನ ಕೈಯಿಂದ ಆ ಆಯುಧವನ್ನೇ ಕಸಿದುಕೊಂಡ ಕಾರ್ಯವೂ ಹೌದು. ನಾಚಿಕೆ ಪಡಬೇಕಾದವಳು ತಾನಲ್ಲವೆಂಬುದನ್ನು ಅವರು ಮಾತಿಲ್ಲದೆ ಸಾರಿದರು.

ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಈ ಪ್ರಸಂಗವು ಬೇರೆ ಬಗೆಯಾಗಿದೆ. ಅಲ್ಲಿ ಮದುವೆಯೇ ನಡೆಯುವುದಿಲ್ಲ. ಅರಮನೆಗೆ ಬಂದ ಮಹಾದೇವಿಯವರು ಅರಸನು ಮಾತಿಗೆ ತಪ್ಪಿದೊಡನೆಯೇ ಎಲ್ಲವನ್ನೂ ತೊರೆದು ಹೊರಡುವರು. ಅಕ್ಕನವರು ಭವಿಯ ಮಡದಿಯಾಗಿದ್ದರೆಂಬುದನ್ನು ಒಪ್ಪಲು ಎಷ್ಟೋ ಭಕ್ತರ ಮನಸ್ಸು ಹಿಂಜರಿಯುವುದುಂಟು. ಈ ಕುರಿತು ವಿದ್ವಾಂಸರಲ್ಲಿಯೂ ದೀರ್ಘವಾದ ಚರ್ಚೆ ನಡೆದಿದೆ. ಆದರೆ ಮದುವೆಯಾಗಿದ್ದರೆ ಅಕ್ಕನವರ ಹಿರಿಮೆಗೆ ಕುಂದು ಬರುವುದೆಂಬ ಎಣಿಕೆಗೆ ಆಧಾರವೇನೂ ಇಲ್ಲ. ಬಲವಂತಕ್ಕೆ ಒಳಗಾದುದು ಆಕೆಯ ದೋಷವಲ್ಲ. ಎರಡು ಕಥನಗಳ ತಿರುಳು ಒಂದೇ: ಬೆದರಿಕೆಯಿಂದ ಹೆಣ್ಣನ್ನು ಪಡೆದ ಬಲಶಾಲಿ, ಮುರಿದುಬಿದ್ದ ಮಾತು, ಹೊರಟು ನಿಂತ ಹೆಣ್ಣು.

ಅಲ್ಲಿಂದ ಮುಂದಿನ ದಾರಿ ಸುಲಭವಾದುದಲ್ಲ. ಒಂಟಿಯಾದ ತರುಣಿ, ಕಾಡು ಮೇಡು, ಅಪರಿಚಿತವಾದ ಊರುಗಳು. ಭಿಕ್ಷೆಯ ಅನ್ನ, ಪಾಳು ಗುಡಿಯ ಆಸರೆ. ದಾರಿಯಲ್ಲಿ ಕಂಡವರ ಕಣ್ಣುಗಳೆಲ್ಲವೂ ಒಂದೇ ಬಗೆಯವಲ್ಲ. ಬೆನ್ನು ಹತ್ತಿ ಬಂದವರನ್ನು ತಿರುಗಿ ನಿಂತು ತಿದ್ದಿದ ಮಾತುಗಳು ಅಕ್ಕನವರ ವಚನಗಳಲ್ಲಿವೆ. ಮನೆಯ ಹಿಂಸೆಯಿಂದ ಪಾರಾಗಿ ಬಂದವಳಿಗೆ ಹೊರಗಿನ ಲೋಕವು ತಾನಾಗಿಯೇ ನೆಳಲಾಗುವುದಿಲ್ಲ. ಹೊರಟುಬಂದ ಮೇಲೆಯೇ ಎರಡನೆಯ ಕಷ್ಟವು ಮೊದಲಾಗುತ್ತದೆ. ಅದನ್ನು ಅರಿತವರೇ ನಿಜವಾದ ಆಸರೆಯನ್ನು ಕೊಡಬಲ್ಲರು.

ಶೂನ್ಯಸಂಪಾದನೆಯು ಅಕ್ಕನವರನ್ನು ಕಲ್ಯಾಣಕ್ಕೆ ಕರೆತರುತ್ತದೆ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಅಲ್ಲಿ ಬಸವಣ್ಣನವರ ಮಹಾಮನೆಯಲ್ಲಿ ದಾಸೋಹವು ನಡೆಯುತ್ತಿದ್ದಿತು. ಅನುಭವಮಂಟಪದಲ್ಲಿ ಅಲ್ಲಮಪ್ರಭುದೇವರ ಸಮ್ಮುಖದಲ್ಲಿ ಶರಣರು ಕೂಡುತ್ತಿದ್ದರು. ಆದರೆ ಅಂತಹ ಕಲ್ಯಾಣದಲ್ಲಿಯೂ ಅಕ್ಕನವರಿಗೆ ಮೊದಲು ದೊರೆತುದು ಸ್ವಾಗತವಲ್ಲ, ಸಂಶಯ. ಊರ ಹೊರಗೆ ಇದಿರಾದ ಕಿನ್ನರಿ ಬೊಮ್ಮಯ್ಯಗಳು ಈ ಹೆಣ್ಣು ಎಂತಹವಳೆಂದು ಪರೀಕ್ಷಿಸಲು ಮುಂದಾದರು. ಅಕ್ಕನವರ ನಿಷ್ಠೆಯ ಬೆಂಕಿಯ ಮುಂದೆ ಆ ಪರೀಕ್ಷೆ ಸೋತಿತು. ಬೊಮ್ಮಯ್ಯಗಳು ತಮ್ಮ ತಪ್ಪನ್ನು ಅರಿತು ಪಶ್ಚಾತ್ತಾಪದಿಂದ ಕೈಮುಗಿದರು. ತಾವೇ ಮುಂದಾಗಿ ಅವರನ್ನು ಶರಣರ ಸನ್ನಿಧಿಗೆ ಕರೆದೊಯ್ದರು. ತಪ್ಪಿದವರು ತಪ್ಪನ್ನು ಒಪ್ಪಿ, ಬಂದವಳಿಗೆ ದಾರಿ ತೋರಿಸುವವರಾದರು. ಕಲ್ಯಾಣದ ದೊಡ್ಡಸ್ತಿಕೆಯು ಇಲ್ಲಿಂದಲೇ ಕಾಣತೊಡಗುವುದು.

ಅನುಭವಮಂಟಪದಲ್ಲಿ ಪ್ರಭುದೇವರು ಕೇಳಿದ ಪ್ರಶ್ನೆಗಳು ಮೃದುವಾದವುಗಳಲ್ಲ. ಯೌವನದ ಹೆಣ್ಣು ಇಲ್ಲಿಗೆ ಬಂದುದೇಕೆ, ಪತಿ ಯಾರು, ಮನಸ್ಸು ಅಷ್ಟು ನಿರ್ಮಲವಾಗಿದ್ದರೆ ಕೇಶದಿಂದ ಮೈ ಮುಚ್ಚಿಕೊಂಡುದೇಕೆ ಎಂಬ ಬಗೆಯ ಪ್ರಶ್ನೆಗಳವು. ಮನೆ ಬಿಟ್ಟು ಬಂದ ಹೆಣ್ಣನ್ನು ಲೋಕವು ಮೊದಲು ಕೇಳುವುದು ಇವನ್ನೇ. ಅಕ್ಕನವರು ತಲೆತಗ್ಗಿಸದೆ ಒಂದೊಂದಕ್ಕೂ ಉತ್ತರವಿತ್ತರು. ತಮ್ಮ ಪತಿ ಚೆನ್ನಮಲ್ಲಿಕಾರ್ಜುನನೇ ಎಂದರು. ಮೈಯ ಮರೆಯು ತಮಗಾಗಿಯಲ್ಲ, ನೋಡುವವರ ಮನಸ್ಸು ಕದಡದಿರಲೆಂದು ಎಂದರು. ಪ್ರಭುದೇವರ ಪ್ರಶ್ನೆಗಳು ಅಕ್ಕನವರನ್ನು ಕೀಳ್ಮಾಡುವುದಕ್ಕಲ್ಲ, ಅವರ ಅರಿವಿನ ಎತ್ತರವನ್ನು ಸಭೆಗೆಲ್ಲ ತೋರಿಸುವುದಕ್ಕೆಂದು ಹಿರಿಯರು ವ್ಯಾಖ್ಯಾನಿಸಿರುವರು. ಅದು ಸರಿಯೇ. ಆದರೆ ಸಾಮಾನ್ಯರು ನೆನೆಯಬೇಕಾದ ಇನ್ನೊಂದು ಸಂಗತಿಯುಂಟು: ಅಲ್ಲಿ ಕೇಳಿದವರು ಉತ್ತರವನ್ನೂ ಕೇಳಿಸಿಕೊಂಡರು. ಉತ್ತರವನ್ನು ಕೇಳಿದ ಮೇಲೆ ಸಂಶಯವನ್ನು ಬಿಟ್ಟರು. ಮರಳಿ ಆ ಅರಸನ ಮನೆಗೇ ಹೋಗಿ ಹೊಂದಿಕೊಂಡು ಬಾಳಬೇಕೆಂದು ಆ ಮಂಟಪದಲ್ಲಿ ಯಾರೊಬ್ಬರೂ ಹೇಳಲಿಲ್ಲ.

ಬಸವಣ್ಣನವರೂ ಚೆನ್ನಬಸವಣ್ಣನವರೂ ಅವರನ್ನು ಮನಸಾರೆ ಕೊಂಡಾಡಿದರು. ವಯಸ್ಸಿನಿಂದ ಕಿರಿಯಳಾದವಳು ಎಲ್ಲರಿಗೂ ಅಕ್ಕನಾದಳು. ಈ ಹೆಸರಿನ ಮಹತ್ತನ್ನು ಇಂದಿನವರು ಮರೆಯುವುದುಂಟು. ಗಂಡನನ್ನು ಬಿಟ್ಟವಳೆಂದು ಲೋಕವು ಕರೆಯಬಹುದಾಗಿದ್ದ ಹೆಣ್ಣಿಗೆ ಶರಣರು ರಕ್ತಸಂಬಂಧದ ಹೆಸರನ್ನು ಕೊಟ್ಟರು. ಅಕ್ಕನವರು ಕೂಡ ಶರಣರನ್ನು ತವರಿನವರಂತೆ ಕಂಡರು. ಆ ಕಲ್ಯಾಣದಲ್ಲಿ ಅವರು ಒಬ್ಬರೇ ಹೆಣ್ಣಾಗಿರಲಿಲ್ಲ. ನೀಲಾಂಬಿಕೆ, ಗಂಗಾಂಬಿಕೆ, ಅಕ್ಕನಾಗಮ್ಮನವರು ಮಹಾಮನೆಯಲ್ಲಿದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯನ ಮಡದಿ ಲಕ್ಕಮ್ಮ, ನೂಲುವ ಕಾಯಕದ ರೆಮ್ಮವ್ವೆ, ಹಿಂದಿನ ಬಾಳನ್ನು ಬಿಟ್ಟು ಶರಣೆಯಾದ ಸಂಕವ್ವೆ ಮೊದಲಾದವರೂ ಆ ಕಾಲದ ಶರಣೆಯರೇ. ವಚನಗಳನ್ನು ನುಡಿದ ಶರಣೆಯರ ಸಂಖ್ಯೆ 30ಕ್ಕೂ ಹೆಚ್ಚು. ಕಾಯಕದ ಅನ್ನ, ಕೂಡಿ ಕುಳಿತುಕೊಳ್ಳುವ ನೆಲೆ, ಬಾಯ್ದೆರೆದು ಮಾತನಾಡುವ ಸ್ವಾತಂತ್ರ್ಯ, ಈ ಮೂರೂ ಇದ್ದುದರಿಂದಲೇ ಕಲ್ಯಾಣವು ನೊಂದು ಬಂದವರಿಗೆ ತವರಾಯಿತು.

ಪ್ರಭುದೇವರ ಮಾರ್ಗದರ್ಶನದಂತೆ ಅಕ್ಕನವರು ಕಲ್ಯಾಣದಿಂದ ಶ್ರೀಶೈಲಕ್ಕೆ ತೆರಳಿದರೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಹರಿಹರನಲ್ಲಿ ಕಲ್ಯಾಣದ ಪ್ರಸಂಗವಿಲ್ಲ. ಅವರು ಉಡುತಡಿಯಿಂದ ನೇರವಾಗಿ ಶ್ರೀಶೈಲವನ್ನು ಸೇರುವರು. ಇಂದು ಆಂಧ್ರಪ್ರದೇಶದಲ್ಲಿರುವ ಆ ಪರ್ವತಕ್ಕೆ ಅವರನ್ನು ಅರಸಿ ಬಂದವರ ಸಂಗತಿಯನ್ನು ಹರಿಹರನು ಬರೆದಿರುವುದು ಬಹಳ ಮುಖ್ಯವಾದುದು. ಮೊದಲು ತಂದೆತಾಯಿಗಳು ಬಂದರು. ಮಗಳ ಸ್ಥಿತಿಯನ್ನು ಕಂಡು ಮರುಗಿದರು. ಅಕ್ಕನವರು ಅವರನ್ನು ದೂರಲಿಲ್ಲ, ಅವರೊಡನೆ ಹಿಂದಿರುಗಲೂ ಇಲ್ಲ, ಸಮಾಧಾನಪಡಿಸಿ ಬೀಳ್ಕೊಟ್ಟರು.

ಅನಂತರ ಕೌಶಿಕನೂ ಬಂದನು. ಈ ಸಲ ಅವನು ಅರಸನ ವೇಷದಲ್ಲಿ ಬರಲಿಲ್ಲ. ಶಿವಭಕ್ತನ ವೇಷವನ್ನು ತಾಳಿ ಬಂದನು. ಪಾದಕ್ಕೆರಗಿ, ತಾನು ಬದಲಾಗಿರುವೆನೆಂದು ತೋರಿಸಿ, ಮರಳಿ ಬರಬೇಕೆಂದು ಬೇಡಿಕೊಂಡನು. ಅಕ್ಕನವರು ಮನಸ್ಸು ಕರಗಿಸಲಿಲ್ಲ. ಅವನು ಭವಿಯಾದುದರಿಂದಲೇ ಅವರು ಬಿಟ್ಟುಬಂದರು, ಭಕ್ತನಾಗಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎನ್ನುವವರಿಗೆ ಈ ಪ್ರಸಂಗವೇ ಉತ್ತರ. ತಪ್ಪು ಇದ್ದುದು ಹಣೆಯ ಬರಿದಿನಲ್ಲಲ್ಲ, ಕೈಯ ನಡತೆಯಲ್ಲಿ. ವಿಭೂತಿಯನ್ನು ಧರಿಸಿದ ಮಾತ್ರಕ್ಕೆ ಆ ಕೈ ಬೇರೆಯಾಗುವುದಿಲ್ಲ. ಲಿಂಗವಂತರ ಮನೆಯಲ್ಲಿ ಹುಟ್ಟಿ, ತ್ರಿಕಾಲಪೂಜೆಯನ್ನು ಮಾಡುತ್ತ, ಮಡದಿಯ ಮೇಲೆ ಕೈಯೆತ್ತುವವನು ಕೌಶಿಕನಿಗಿಂತ ಮೇಲಾದವನಲ್ಲ. ಎಲ್ಲ ಪ್ರಾಣಿಗಳಲ್ಲಿಯೂ ದಯೆ ಬೇಕೆಂದು ಸಾರಿದ ಧರ್ಮದಲ್ಲಿ ಇದ್ದುಕೊಂಡು ಹೀಗೆ ನಡೆದರೆ ಅವನ ತಪ್ಪಿನ ಭಾರವು ಇನ್ನೂ ಹೆಚ್ಚಾದುದು.

ಶ್ರೀಶೈಲದ ಕದಳಿಯಲ್ಲಿ ಅಕ್ಕನವರು ಚೆನ್ನಮಲ್ಲಿಕಾರ್ಜುನನಲ್ಲಿ ಐಕ್ಯರಾದರೆಂದು ಸಂಪ್ರದಾಯವು ನಂಬಿದೆ. ಅವರು ಬಾಳಿದ ಕಾಲವು ದೀರ್ಘವಾದುದಲ್ಲ. ಚೆನ್ನಮಲ್ಲಿಕಾರ್ಜುನನೆಂಬ ಅಂಕಿತದಲ್ಲಿ ಅವರು ನುಡಿದ ನಾನ್ನೂರಕ್ಕೂ ಹೆಚ್ಚು ವಚನಗಳೂ, ಯೋಗಾಂಗ ತ್ರಿವಿಧಿಯೂ ಕನ್ನಡಕ್ಕೆ ಉಳಿದುವು. ಓಲೆಗರಿಗಳಲ್ಲಿ ಮರೆಯಾಗಿದ್ದ ಶರಣರ ವಚನಗಳನ್ನು ಊರೂರು ತಿರುಗಿ ಕಲೆಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರ ಶ್ರಮದಿಂದಾಗಿ ಅವು ಜನಸಾಮಾನ್ಯರ ಕೈಸೇರಿದುವು. ಇಂದು ಅಕ್ಕನವರ ಹೆಸರಿನಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ. ಊರೂರುಗಳಲ್ಲಿ ಅಕ್ಕನ ಬಳಗಗಳಿವೆ.

ಇಷ್ಟೆಲ್ಲ ಗೌರವವು ಸಲ್ಲುತ್ತಿರುವ ನಾಡಿನಲ್ಲಿ ಮನೆಗಳ ಒಳಗಿನ ಸ್ಥಿತಿ ಹೇಗಿದೆ? 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದುದಾಗಿ ತಿಳಿಸಿದರು. ಇಡೀ ದೇಶದ ಪ್ರಮಾಣ ಶೇಕಡಾ 29. ಅದೇ ಸಮೀಕ್ಷೆಯಲ್ಲಿ, ಕೆಲವು ಕಾರಣಗಳಿಗಾಗಿ ಗಂಡನು ಹೆಂಡತಿಯನ್ನು ಹೊಡೆಯುವುದು ಸರಿಯೆಂದು ರಾಜ್ಯದ ನೂರರಲ್ಲಿ 70ಕ್ಕೂ ಹೆಚ್ಚು ಸ್ತ್ರೀಯರೂ ಅಷ್ಟೇ ಪ್ರಮಾಣಕ್ಕೆ ಮೇಲ್ಪಟ್ಟ ಪುರುಷರೂ ಒಪ್ಪಿದರು. ದೇಶದಲ್ಲಿ ಹಿಂಸೆಗೊಳಗಾದ ಸ್ತ್ರೀಯರಲ್ಲಿ ಬಹುಪಾಲಿನವರು ಅದನ್ನು ಯಾರಲ್ಲಿಯೂ ಹೇಳಿಕೊಂಡಿಲ್ಲವೆಂಬುದೂ ಅದರಿಂದ ತಿಳಿದುಬಂದಿತು. ಶರಣರು ನಡೆದಾಡಿದ ನೆಲಕ್ಕೆ ಇದು ಭೂಷಣವಲ್ಲ. ಈ ಎಣಿಕೆಯಲ್ಲಿ ಎಲ್ಲ ಮತದವರೂ ಇರುವರು. ಲಿಂಗವಂತರ ಮನೆಗಳು ಇದರ ಹೊರಗಿವೆಯೆಂದು ನಂಬಿ ನೆಮ್ಮದಿಯಾಗಿರಲು ಯಾರಿಗೂ ಹಕ್ಕಿಲ್ಲ.

ಮಗಳು ತವರಿಗೆ ಬಂದು ಕಣ್ಣೀರಿಟ್ಟಾಗ, ಹೆಣ್ಣಾದವಳು ಸೈರಿಸಬೇಕೆಂದು ತಿಳಿಹೇಳಿ, ಮಡಿಲು ತುಂಬಿ ಮರಳಿ ಕಳುಹಿಸುವುದು ಎಷ್ಟೋ ಮನೆಗಳ ರೂಢಿ. ನೆರೆಹೊರೆಯವರು ಏನೆಂದಾರು, ತಂಗಿಯ ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆಯೇ ಇದರ ಮೂಲ. ಮಠಗಳ ಸನ್ನಿಧಿಗೆ ದಂಪತಿಗಳ ಕಲಹವು ಬಂದಾಗಲೂ ಹಿರಿಯರು ಸಂಸಾರವು ಮುರಿಯದಿರಲೆಂಬ ಸದಾಶಯದಿಂದ ರಾಜಿಯ ಮಾತನ್ನೇ ಮೊದಲು ಆಡುವರು. ಮನಸ್ತಾಪಕ್ಕೆ ರಾಜಿಯೇ ಮದ್ದು, ನಿಜ. ಆದರೆ ಮನಸ್ತಾಪ ಬೇರೆ, ಹಿಂಸೆ ಬೇರೆ. ಇಬ್ಬರು ಸಮಾನರಾಗಿ ಜಗಳವಾಡುವುದು ಮನಸ್ತಾಪ. ಒಬ್ಬರು ಇನ್ನೊಬ್ಬರಿಗೆ ಅಂಜಿ ಬಾಳುವುದು ಹಿಂಸೆ. ಅಂಜಿದವಳನ್ನು ಅಂಜಿಸುವವನ ಎದುರಿಗೇ ಕೂರಿಸಿ ಕೇಳಿದರೆ ನಿಜವು ಹೊರಬೀಳದು. ಆಕೆಯ ಮಾತನ್ನು ಬೇರೆಯಾಗಿ, ಹೆಂಗಸರ ಸಮ್ಮುಖದಲ್ಲಿ, ಸಮಾಧಾನದಿಂದ ಕೇಳಬೇಕು. ಆಕೆಯ ಮಾತನ್ನು ಊರಿಗೆ ಹರಡಬಾರದು. ಮರಳಿ ಹೋಗುವುದೋ ಬಿಡುವುದೋ ಎಂಬ ನಿರ್ಣಯವು ಆಕೆಯದಾಗಿರಬೇಕು. ಅಕ್ಕನವರು ಮೂರು ತಪ್ಪುಗಳವರೆಗೆ ಸೈರಿಸಿದರೆಂದು, ಎಲ್ಲ ಹೆಣ್ಣುಮಕ್ಕಳೂ ಮೂರು ಸಲ ಏಟು ತಿನ್ನಬೇಕೆಂದು ಅರ್ಥ ಮಾಡತಕ್ಕದ್ದಲ್ಲ. ಎಲ್ಲೆಯನ್ನು ಹಾಕಿದವರು ಅಕ್ಕನವರೇ. ಅದನ್ನು ಬೇರೆಯವರು ಅವರಿಗೆ ಹಾಕಿಕೊಡಲಿಲ್ಲ.

ಅಕ್ಕನವರ ಕಾಲದಲ್ಲಿ ದೊರೆಯ ಮೇಲೆ ದೂರು ಕೊಡುವ ಸ್ಥಳವೇ ಇರಲಿಲ್ಲ. ಇಂದು ಆ ಸ್ಥಿತಿಯಿಲ್ಲ. ಗಂಡನ ಮತ್ತು ಅವನ ಬಂಧುಗಳ ಕ್ರೌರ್ಯವನ್ನು 1983ರಲ್ಲಿಯೇ ಅಪರಾಧವೆಂದು ಭಾರತೀಯ ದಂಡಸಂಹಿತೆಗೆ ಸೇರಿಸಲಾಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯ 85ನೆಯ ಕಲಮು ಅದಕ್ಕೆ ಅನ್ವಯಿಸುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಮೈಯ ಹಿಂಸೆಯಷ್ಟೇ ಅಲ್ಲದೆ, ಬೈಗುಳ, ಅವಮಾನ, ಬಲವಂತದ ಸಂಗ, ಹಣಕಾಸನ್ನು ಕಿತ್ತುಕೊಳ್ಳುವುದು ಇವೆಲ್ಲವೂ ಆ ಕಾಯಿದೆಯಲ್ಲಿ ಹಿಂಸೆಯೆಂದೇ ಪರಿಗಣಿತವಾಗಿವೆ. ಮನೆಯು ಯಾರ ಹೆಸರಿನಲ್ಲಿದ್ದರೂ, ತಾನು ಬಾಳುತ್ತಿದ್ದ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದು ಸ್ತ್ರೀಗೆ ಕೊಟ್ಟಿದೆ. ರಕ್ಷಣೆಯ ಆದೇಶವನ್ನೂ ಜೀವನಾಂಶವನ್ನೂ ನ್ಯಾಯಾಲಯದಿಂದ ಪಡೆಯಬಹುದು. ಇದಕ್ಕಾಗಿ ಸಂರಕ್ಷಣಾಧಿಕಾರಿಗಳಿರುವರು; ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. 181 ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿದರೆ ಸಹಾಯವು ದೊರೆಯುತ್ತದೆ. ಸಖಿ ಕೇಂದ್ರಗಳಲ್ಲಿ ತಾತ್ಕಾಲಿಕ ಆಶ್ರಯ, ವೈದ್ಯಕೀಯ ನೆರವು, ಕಾನೂನಿನ ಸಲಹೆಗಳು ಸಿಗುತ್ತವೆ. ಇವುಗಳನ್ನು ತಿಳಿದುಕೊಂಡು, ಬೇಕಾದವರಿಗೆ ಗುಟ್ಟಾಗಿ ತಿಳಿಸುವುದೂ ದಾಸೋಹವೇ.

ಕಾಯಿದೆಯು ಬಾಗಿಲನ್ನು ತೆರೆಯಬಲ್ಲದು; ಬಾಗಿಲಿನಾಚೆ ನಿಂತು ಕೈಹಿಡಿಯುವವರು ಮನುಷ್ಯರೇ ಆಗಬೇಕು. ತವರಿನಲ್ಲಿ ಒಂದು ಕೋಣೆ, ದುಡಿದು ಉಣ್ಣಲು ಒಂದು ಕಾಯಕ, ಮಕ್ಕಳ ಓದಿಗೆ ಒಂದಿಷ್ಟು ನೆರವು, ಚುಚ್ಚುಮಾತಿಲ್ಲದ ನೆರೆಹೊರೆ, ಮದುವೆಮುಂಜಿ ಜಾತ್ರೆಗಳಲ್ಲಿ ಎಲ್ಲರಂತೆ ಕರೆಯುವ ಬಾಯಿ: ನೊಂದವಳಿಗೆ ಬೇಕಾದುದು ಇಷ್ಟೇ. ಗಂಡುಮಕ್ಕಳಿಗೆ ಎಳವೆಯಲ್ಲಿಯೇ ಕೌಶಿಕನ ತಪ್ಪುಗಳನ್ನು ತಪ್ಪುಗಳೆಂದು ತೋರಿಸಿಕೊಡುವುದು ತಂದೆಗಳ ಹೊಣೆ.

ಅಕ್ಕನವರ ಜಯಂತಿಯು ಬಂದಾಗ ಪಟಕ್ಕೆ ಹೂಮಾಲೆಯನ್ನು ಹಾಕುವವರು, ಅಂದು ಮನೆ ಬಿಟ್ಟು ಬಂದ ಆ ತರುಣಿಯು ತಮ್ಮ ಬೀದಿಯಲ್ಲಿಯೇ ನಡೆದು ಬಂದಿದ್ದರೆ ತಮ್ಮ ಬಾಗಿಲು ತೆರೆಯುತ್ತಿತ್ತೇ ಎಂದು ಒಮ್ಮೆ ಮನಸ್ಸಿನಲ್ಲಿಯೇ ಕೇಳಿಕೊಂಡರೆ ಸಾಕು. ಕಲ್ಯಾಣವು ಮೊದಲು ಸಂಶಯಪಟ್ಟಿತು. ಬಳಿಕ ಕೇಳಿತು, ನಂಬಿತು, ಅಕ್ಕನೆಂದು ಕರೆಯಿತು. ಅಷ್ಟನ್ನು ಮಾಡಬಲ್ಲ ಪ್ರತಿಯೊಂದು ಮನೆಯೂ ಕಲ್ಯಾಣವೇ.